ಡಿಎಪಿ ಚೀಲದ ಮೇಲೆ ಬಂದ ಬೂಸರು: ವ್ಯಾಮ್ ಪುಡಿ ಹಾಕಿ ನೋಡಿದ ಮೂರು ವರ್ಷ

ವ್ಯಾಮ್ ಅಂದರೆ ಗಿಡದ ಬೇರಿನೊಳಗೆ ಬದುಕುವ ಬೂಸರಿನ ಪುಡಿ. ಈ ಪುಡಿಯನ್ನು ನಾನು ಬೇಕು ಅಂತ ಕೊಂಡವಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

2022ರ ಜೂನ್. ಮೃಗಶಿರ ಮಳೆ ಬಿತ್ತನೆಗೆ ಹದ ಕೊಟ್ಟಿತ್ತು. ಗೊಬ್ಬರದ ಅಂಗಡಿ ಮುಂದೆ ಬೆಳಿಗ್ಗೆ ಏಳಕ್ಕೇ ಪಾಳಿ. ಡಿಎಪಿ, ಅಂದರೆ ರಂಜಕದ (ಫಾಸ್ಫರಸ್) ಗೊಬ್ಬರ, ಲೋಡ್ ಬಂದಿದೆ ಅಂತ ಗೊತ್ತಾದರೆ ನಮ್ಮ ಕಡೆ ಮದುವೆ ಊಟ ಬಿಟ್ಟು ಓಡುತ್ತಾರೆ. ಎರಡು ತಾಸು ನಿಂತ ಮೇಲೆ ನನ್ನ ಪಾಳಿ ಬಂತು. ಮೂರು ಚೀಲ ಕೇಳಿದೆ. ಅಂಗಡಿಯವನು ಮೂರು ಚೀಲ ಇಳಿಸಿ, ಅದರ ಮೇಲೆ ಎರಡು ಹಸಿರು ಪಾಕೀಟು ಒಗೆದ.

"ಇವು ಯಾಕ್ರಿ?"

"ಲಿಂಕ್ ಐತ್ರಿ ಅಕ್ಕಾರ. ಇವನ್ನ ತಗೊಂಡ್ರಷ್ಟ ಡಿಎಪಿ."

"ಏನದಾವ ಇದರಾಗ?"

"ವ್ಯಾಮ್ ರೀ. ಬೇರು ಹೆಂಗ ಇಳೀತಾವ ನೋಡ್ರಿ, ನೀವ ಬಂದು ಹೇಳ್ತೀರಿ."

ಡಿಎಪಿ ಚೀಲಕ್ಕೆ ₹1,350. ಪಾಕೀಟು ಒಂದಕ್ಕೆ ₹450. ಎರಡಕ್ಕೆ ₹900, ಬೇಡದ ಖರ್ಚು. ಗೊಬ್ಬರಕ್ಕೆ ಬೇರೆ ಮಾಲು ಕಟ್ಟಿ ಮಾರಬಾರದು ಅಂತ ಸರ್ಕಾರ ಹೇಳುತ್ತಲೇ ಇರುತ್ತದೆ. ಇವರು ಕಟ್ಟಿ ಮಾರುತ್ತಲೇ ಇರುತ್ತಾರೆ. ಜಗಳಕ್ಕೆ ನಿಂತರೆ ಹದ ಹೋಗುತ್ತದೆ. ದುಡ್ಡು ಕೊಟ್ಟು ಬಂದೆ.

ನಮ್ಮದು ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕು. ಹೊರಗಿನವರಿಗೆ ಸವಣೂರು ಅಂದರೆ ಖಾರ, ಇಲ್ಲಾ ಮಠದ ಆ ದೊಡ್ಡ ಹುಣಸೆ ಅನ್ನುವ ಬಾವೊಬಾಬ್ ಮರಗಳು. ನಮಗೆ ಎರೆ ಭೂಮಿ. ನಾಲ್ಕು ಎಕರೆ ಇದೆ, ಎಲ್ಲಾ ಮಳೆ ಆಶ್ರಯ. ಹಳ್ಳದ ಪಕ್ಕ ಎರಡೂವರೆ ಎಕರೆ, ಗುಡಿ ಹತ್ತಿರ ಒಂದೂವರೆ ಎಕರೆ. ಯಜಮಾನರು ಬಸ್ ಡ್ರೈವರ್, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿ ಇರಲ್ಲ. ಹಾಗಾಗಿ ಬಿತ್ತುವುದು, ಆಳು ಕರೆಯುವುದು, ಅಡತಿ ಅಂಗಡಿಯಲ್ಲಿ ತೂಕ ನೋಡುವುದು, ಎಲ್ಲಾ ನಾನು ಮತ್ತು ನಮ್ಮ ಅತ್ತೆ. ಅತ್ತೆ ಹತ್ತಿಯಲ್ಲೇ ಬೆಳೆದವರು. ಧಾರವಾಡದಲ್ಲಿ ಕಟರಕಿ ಅವರು 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಹತ್ತಿ ತಂದರಲ್ಲ, ಅದರ ಬೀಜದ ಪ್ಲಾಟುಗಳಲ್ಲಿ ಹುಡುಗಿಯಾಗಿದ್ದಾಗ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೋದವರು. ಹೂವು ಹಿಡಿದರೆ ಈಗಲೂ ಬೆರಳು ತಾನೇ ಮೊಗ್ಗಿನ ಸಿಪ್ಪೆ ಸುಲಿಯುತ್ತದೆ.

ಪಾಕೀಟು ಒಡೆದೆ. ಸಾಸಿವೆಗಿಂತ ಸ್ವಲ್ಪ ದಪ್ಪ ಕರಿ ಹರಳು. ಮೂಸಿದರೆ ಏನೂ ವಾಸನೆ ಇಲ್ಲ. ಏನು ಅಂತ ಅತ್ತೆ ಕೇಳಿದರು. ಬೇರಿಗೆ ಒಳ್ಳೆಯದು ಮಾಡುವ ಬೂಸರು ಅಂತೆ ಅಂದೆ.

"ಬೂಸರು ಬಂದ ರೊಟ್ಟಿನ ಎಮ್ಮಿಗೂ ಹಾಕಂಗಿಲ್ಲ ನಾವು. ನೀ ರೊಕ್ಕ ಕೊಟ್ಟು ಬೂಸರು ತಂದೀಯಲ್ಲ ಬೇ!"

ಆ ವರ್ಷ ಹಳ್ಳದ ಹೊಲಕ್ಕೆ ಹಾಕಿದೆ. ಹೇಗೆ ಹಾಕಿದೆ ಅಂದರೆ, ಎಕರೆಗೆ ಒಂದು ಚೀಲ ಡಿಎಪಿ ಯಾವಾಗಿನ ಹಾಗೆ, ಅದರ ಜೊತೆಗೇ ಈ ಹರಳು ಕಲಸಿ ಸಾಲಿಗೆ ಬಿಟ್ಟೆ. ಹತ್ತಿ ಬೀಜ ಕಂಪನಿಯಿಂದಲೇ ಔಷಧ ಹಚ್ಚಿಕೊಂಡು ಬರುತ್ತದೆ. ಸಾಲದು ಅಂತ ನಾನು ಮೇಲೆ ಇನ್ನೊಮ್ಮೆ ಬೂಸರು ಸಾಯಿಸುವ ಔಷಧ ಕಾರ್ಬೆಂಡಜಿಂ ಹಚ್ಚಿದ್ದೆ, ಹಿಂದಿನ ವರ್ಷ ಸಸಿ ಸೊರಗಿದ್ದವು. ನಾಲ್ಕು ಸಾಲು ಮಾತ್ರ ಹರಳು ಹಾಕದೆ ಬಿಟ್ಟೆ. ಬೇಕಂತ ಬಿಟ್ಟಿದ್ದಲ್ಲ, ಹರಳು ಮುಗಿದಿತ್ತು.

ಆ ನಾಲ್ಕು ಸಾಲಿಗೂ ಉಳಿದವಕ್ಕೂ ಕೊನೆಯ ತನಕ ಕೂದಲೆಳೆ ವ್ಯತ್ಯಾಸ ಕಾಣಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ನಾನು ಇಲ್ಲಿ ಬರೆಯುತ್ತಿದ್ದುದು ಎರಡು ಸಾಲು: ದುಡ್ಡು ದಂಡ, ಕೊಳ್ಳಬೇಡಿ.

ಆದರೆ ಸೆಪ್ಟೆಂಬರ್‌ನಲ್ಲಿ ಧಾರವಾಡದ ಕೃಷಿ ಮೇಳಕ್ಕೆ ಹೋದೆವು. ಅಲ್ಲಿ ಒಂದು ಮಳಿಗೆಯಲ್ಲಿ ಎಂಎಸ್ಸಿ ಓದುವ ಹುಡುಗಿ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂತಿದ್ದಳು. ಬಂದವರೆಲ್ಲ ಟ್ರ್ಯಾಕ್ಟರ್ ಕಡೆ ಹೋಗುತ್ತಿದ್ದರು, ಅವಳ ಹತ್ತಿರ ಯಾರೂ ಇರಲಿಲ್ಲ. ನಾನು ಕಣ್ಣಿಟ್ಟೆ. ಬೇರಿನ ಒಂದು ಚೂರು, ಗಾಜಿನ ಹಾಗೆ ಆರಪಾರ ಕಾಣುತ್ತಿತ್ತು. ಅದರೊಳಗೆ ನೀಲಿ ದಾರಗಳು. ದಾರದ ತುದಿಯಲ್ಲಿ ಅಲ್ಲಲ್ಲಿ ನೀಲಿ ಗುಂಡು, ದ್ರಾಕ್ಷಿ ಹಣ್ಣಿನ ಥರ. ಇನ್ನು ಕೆಲವು ಕಡೆ ದಾರ ಕವಲೊಡೆದು ಪುಟ್ಟ ಗಿಡದ ಹಾಗೆ ಹರಡಿತ್ತು. ಬೇರನ್ನು ಕ್ಷಾರದಲ್ಲಿ ಕುದಿಸಿ ಬಣ್ಣ ತೆಗೆದು, ಆಮೇಲೆ ನೀಲಿ ಬಣ್ಣ ಕುಡಿಸಿದರೆ ಹೀಗೆ ಕಾಣುತ್ತದಂತೆ. ಆ ಗಿಡದ ಥರದ್ದೇ ಕೊಡು ತೊಗೊಳ್ಳುವ ಜಾಗ. ಬೂಸರು ಹೊರಗಿನಿಂದ ರಂಜಕ ತಂದು ಅಲ್ಲಿ ಕೊಡುತ್ತದೆ, ಗಿಡ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಅಲ್ಲಿ ಕೊಡುತ್ತದೆ. ಈ ಕೂಡಿಕೆಯ ಹೆಸರು ಮೈಕೋರೈಜಾ, ವ್ಯಾಮ್‌ನ ಕೊನೆಯ ಅಕ್ಷರ ಅದೇ. ಮೈಕೋ ಅಂದರೆ ಬೂಸರು, ರೈಜಾ ಅಂದರೆ ಬೇರು, ಗ್ರೀಕ್ ಮಾತಂತೆ. 1885ರಲ್ಲಿ ಜರ್ಮನಿಯ ಫ್ರಾಂಕ್ ಅನ್ನುವವರು ಇಟ್ಟ ಹೆಸರು. ಹೆಸರು ಹೊಸದು, ಸಂಸಾರ ಹಳೆಯದು: 40 ಕೋಟಿ ವರ್ಷದ ಹಿಂದಿನ ಕಲ್ಲಾದ ಗಿಡಗಳಲ್ಲೂ ಇದೇ ಗುರುತು ಸಿಕ್ಕಿದೆ ಅಂದಳು.

"ನಾನೂ ಹಾಕೀನವಾ, ಏನೂ ಆಗಲಿಲ್ಲ" ಅಂದೆ.

"ನಿಮ್ಮ ಹೊಲದ ಬೇರು ಕಳಸ್ರಿ ಅಕ್ಕಾರ, ನೋಡಿ ಹೇಳ್ತೀನಿ."

ಯಜಮಾನರಿಗೆ ಮರುದಿನ ಧಾರವಾಡ ರೂಟು ಇತ್ತು. ಎರಡು ಗಿಡದ ಸಣ್ಣ ಬೇರು ತೊಳೆದು, ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟು ಕಳಿಸಿದೆ. ವಾರದ ಮೇಲೆ ವಾಟ್ಸಾಪ್‌ನಲ್ಲಿ ಫೋಟೊ ಬಂತು. ಬೇರು ಖಾಲಿ. ಎಲ್ಲೋ ಒಂದು ಎಳೆ ನೀಲಿ ಇತ್ತು ಅಷ್ಟೇ. ಹಿಂದೆಯೇ ಫೋನ್ ಮಾಡಿ ಡಾಕ್ಟರ್ ಕೇಳಿದ ಹಾಗೆ ಕೇಳಿದಳು. ಡಿಎಪಿ ಎಷ್ಟು? ಎಕರೆಗೆ ಒಂದು ಚೀಲ. ಎಲ್ಲಿ ಹಾಕಿದಿರಿ? ಅದರ ಜೊತೆಗೇ ಕಲಸಿ. ಬೀಜಕ್ಕೆ ಏನಾದರೂ? ಕಾರ್ಬೆಂಡಜಿಂ. ಪಾಕೀಟು ಎಂದು ತಯಾರಾಗಿದ್ದು? ನೋಡಿದೆ, ಒಂದು ವರ್ಷ ಎರಡು ತಿಂಗಳು ಹಳೆಯದು. ಅಂಗಡಿಯಲ್ಲಿ ಎಲ್ಲಿ ಇಟ್ಟಿದ್ದರು? ತಗಡಿನ ಮಾಡಿನ ಕೆಳಗೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕಳು. "ಅಕ್ಕಾರ, ನೀವು ಬೀಗರನ್ನ ಊಟಕ್ಕ ಕರದು, ಬಾಗಿಲಿಗೆ ಕೀಲಿ ಹಾಕೀರಿ."

ಅವಳು ಬಿಡಿಸಿ ಹೇಳಿದ್ದು ಇಷ್ಟು. ರಂಜಕ ಮಣ್ಣಿನಲ್ಲಿ ನಡೆಯಲ್ಲ. ಯೂರಿಯಾ ನೀರಿನ ಜೊತೆ ಓಡುತ್ತದೆ, ರಂಜಕ ಹಾಕಿದ ಕಡೆಯೇ ಕೂರುತ್ತದೆ. ಅದರಲ್ಲೂ ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ, ಅದಕ್ಕೆ ಅಂಟಿಕೊಂಡು ಗಟ್ಟಿಯಾಗುತ್ತದೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನ ರಂಜಕ ತಿಂದು ಮುಗಿಸುತ್ತದೆ, ಆಮೇಲೆ ಉಪವಾಸ. ಹತ್ತಿಗೆ ತಾಯಿಬೇರು ಆಳಕ್ಕೆ ಹೋಗುತ್ತದೆ, ಆದರೆ ಜೋಳದ ಹಾಗೆ ಪೊದೆ ಬೇರು ಇಲ್ಲ. ಅದಕ್ಕೇ ಹತ್ತಿ ಈ ಬೂಸರನ್ನು ತುಂಬಾ ನೆಚ್ಚಿಕೊಂಡ ಬೆಳೆ. ಬೂಸರಿನ ಎಳೆ ಬೇರಿನ ಕೂದಲಿಗಿಂತ ಸಣ್ಣದು. ಕೆಲವು ಸೆಂಟಿಮೀಟರು ಆಚೆ ಹೋಗಿ, ಬೇರು ತೂರಲಾಗದ ಸಂದಿಯಲ್ಲಿ ತೂರಿ, ರಂಜಕ, ಸತು ಎರಡನ್ನೂ ಎಳೆದು ತರುತ್ತದೆ.

ಆದರೆ ಬಾಯಿಗೇ ರಂಜಕ ಸುರಿದರೆ ಗಿಡ ಬೂಸರಿಗೆ ಯಾಕೆ ಸಕ್ಕರೆ ಕೊಡಬೇಕು? ಬಾಗಿಲು ಹಾಕುತ್ತದೆ. ಅಂದರೆ ನನಗೆ ಅಂಗಡಿಯವನು ಡಿಎಪಿಗೆ ಲಿಂಕ್ ಹಾಕಿ ಕೊಟ್ಟಿದ್ದು, ಡಿಎಪಿ ಜಾಸ್ತಿಯಾದರೆ ಕೆಲಸವೇ ಮಾಡದ ಮಾಲು! ಇದಕ್ಕಿಂತ ತಮಾಷೆ ಬೇಕಾ?

ಇನ್ನೊಂದು ಮಾತು ಹೇಳಿದಳು, ಅದು ನನ್ನ ತಲೆಯಲ್ಲಿ ಕೂತಿತು. ಈ ಬೂಸರು ಜೀವಂತ ಬೇರಿಲ್ಲದೆ ಬದುಕಲ್ಲ. ಪ್ರಯೋಗಶಾಲೆಯಲ್ಲಿ ಬರೀ ತಟ್ಟೆಯಲ್ಲಿ ಬೆಳೆಸಲು ಬರಲ್ಲ, ಗೋವಿನಜೋಳವೋ ರಾಗಿಯೋ ಕುಂಡದಲ್ಲಿ ಬೆಳೆದು ಅದರ ಬೇರಲ್ಲಿ ಹೆಚ್ಚಿಸಬೇಕು. ನಮ್ಮ ರಾಜ್ಯದಲ್ಲಿ ಇದರ ಮೇಲೆ ದಶಕಗಳ ಕೆಲಸ ಆಗಿದೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ.ಜೆ. ಭಾಗ್ಯರಾಜ್ ಅವರ ಹೆಸರು ಹೇಳಿದಳು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಮ್ಮ ಥರದ್ದೇ ಕರಿ ಮಣ್ಣು. ಅಲ್ಲಿ ಹೊಲವನ್ನು ತಿಂಗಳುಗಟ್ಟಲೆ ಹುಲ್ಲು ಕೂಡ ಇಲ್ಲದ ಹಾಗೆ ಖಾಲಿ ಬಿಟ್ಟು ಬಿತ್ತಿದರೆ ಬೆಳೆ ಕುಳ್ಳಗಾಗುತ್ತಿತ್ತು. ಮಣ್ಣಿನಲ್ಲಿ ನೀರಿದೆ, ಸಾರ ಇದೆ, ಆದರೂ ಬೆಳೆ ಏಳಲ್ಲ. ಕಾರಣ ಹುಡುಕಿದಾಗ ಬೇರಿಲ್ಲದೆ ಬೂಸರು ಸತ್ತುಹೋಗಿದೆ ಅಂತ 1980ರ ದಶಕದಲ್ಲಿ ಗೊತ್ತಾಯಿತಂತೆ.

ನನಗೆ ಗುಡಿ ಹೊಲ ನೆನಪಾಯಿತು.

ಮಾವನವರು ತೀರಿಕೊಂಡ ಮೇಲೆ ವಾಟ್ನಿ, ಅಂದರೆ ಆಸ್ತಿ ಪಾಲಿನ, ತಕರಾರು ಬಂದು ಆ ಒಂದೂವರೆ ಎಕರೆ 2021, 2022 ಎರಡು ಮುಂಗಾರು ಬಿತ್ತದೆ ಉಳಿಯಿತು. ಬೀಳು ಬಿಟ್ಟರೆ ಕರಿಕೆ ಹಬ್ಬುತ್ತದೆ ಅಂತ ಅತ್ತೆ ಬಿಡದೆ ಕುಂಟೆ ಹೊಡೆಸುತ್ತಿದ್ದರು. ಹುಲ್ಲುಕಡ್ಡಿ ಇಲ್ಲದ ಕನ್ನಡಿ ಹೊಲ. ಊರವರು ಹೊಗಳುತ್ತಿದ್ದರು.

2023ಕ್ಕೆ ಅದು ನಮ್ಮ ಪಾಲಿಗೆ ಬಂತು. ಈ ಸಲ ಪಾಕೀಟು ನಾನೇ ಬೇಕು ಅಂತ ಹುಬ್ಬಳ್ಳಿಯಿಂದ ತರಿಸಿದೆ. ಬೇರೆ ಕಂಪನಿ, 4 ಕೆಜಿಗೆ ₹620. ತಯಾರಾಗಿ ಎರಡೇ ತಿಂಗಳಾಗಿತ್ತು. ಗ್ರಾಂಗೆ ಇಷ್ಟು ಜೀವಂತ ಕಣ ಅಂತ ಬರೆದಿತ್ತು. ಹರಳಲ್ಲ, ಕಂದು ಬಣ್ಣದ ಪುಡಿ, ನಡುನಡುವೆ ಒಣಗಿದ ಬೇರಿನ ಚೂರು ಕಾಣುತ್ತಿತ್ತು. ಬಸ್ಸಿನಲ್ಲಿ ಇಂಜಿನ್ ಬಾನೆಟ್ ಹತ್ತಿರ ಇಡಬೇಡಿ ಅಂತ ಯಜಮಾನರಿಗೆ ಮೂರು ಸಲ ಫೋನ್ ಮಾಡಿದೆ. "ಹಾಲಿನ ಕೂಸನ್ನ ತರಾಕತ್ತೀನೇನು ನಾನು" ಅಂದರು. ಹೆಚ್ಚು ಕಡಿಮೆ ಹಾಗೆಯೇ ಅಲ್ವಾ, ಜೀವ ಇರುವ ಮಾಲು.

ಆ ಹೊಲ ಉದ್ದ ಪಟ್ಟಿ. ಮೂರಡಿಗೊಂದರಂತೆ 36 ಸಾಲು ಬಂದವು. ಆರು ಸಾಲಿಗೆ ಪುಡಿ, ಆರು ಸಾಲು ಖಾಲಿ, ಮತ್ತೆ ಆರಕ್ಕೆ ಪುಡಿ, ಹೀಗೆ. ಡಿಎಪಿ ಎಲ್ಲಾ ಸಾಲಿಗೂ ಒಂದೇ ಲೆಕ್ಕ, ಎಕರೆಗೆ ಅರ್ಧ ಚೀಲ. ಅದು ಬೀಜದ ಪಕ್ಕದ ಗೆರೆಯಲ್ಲಿ, ನಾಲ್ಕು ಬೆರಳು ದೂರ. ಪುಡಿಯನ್ನು ಜರಡಿ ಹಿಡಿದ ತಿಪ್ಪೆ ಗೊಬ್ಬರಕ್ಕೆ ಕಲಸಿ, ಬೀಜ ಊರುವ ಗುಣಿಯಲ್ಲಿ ಒಂದೊಂದು ಚಿಟಿಕೆ. ಮೇಲೆ ತೆಳ್ಳಗೆ ಮಣ್ಣು, ಅದರ ಮೇಲೆ ಬೀಜ. ಮೊಳಕೆಯ ಬೇರು ಇಳಿಯುವಾಗ ಪುಡಿಯನ್ನು ಮುಟ್ಟಿಕೊಂಡೇ ಇಳಿಯಬೇಕು. ಹೊಲದ ಮೇಲೆ ಎರಚಿದರೆ ಅದು ಎರೆ ಹೊಲಕ್ಕೆ ಇನ್ನೊಂದು ಹಿಡಿ ಮಣ್ಣು ಹಾಕಿದ ಹಾಗೆ, ಅಷ್ಟೇ. ಬೀಜಕ್ಕೆ ಮೇಲಿಂದ ಯಾವ ಔಷಧವನ್ನೂ ಹಚ್ಚಲಿಲ್ಲ. ಈ ಚಿಟಿಕೆ ಕೆಲಸಕ್ಕೆ ಇಬ್ಬರು ಹೆಣ್ಣಾಳು ಅರ್ಧ ದಿನ ಜಾಸ್ತಿ ಬೇಕಾಯಿತು. ಪಾಕೀಟಿನ ಮೇಲೆ ಈ ಖರ್ಚು ಯಾರೂ ಬರೆದಿರಲ್ಲ.

2023 ಯಾವ ವರ್ಷ ಅಂತ ನೆನಪಿದೆಯಲ್ಲ? ರಾಜ್ಯದ 236 ತಾಲ್ಲೂಕಿನಲ್ಲಿ 223 ಬರ ಅಂತ ಘೋಷಣೆಯಾದ ವರ್ಷ. ಜುಲೈ ಮೊದಲ ವಾರ ಬಿತ್ತಿದೆವು. ಆಗಸ್ಟ್ ಪೂರ್ತಿ ಆಕಾಶ ತೊಳೆದಿಟ್ಟ ಹಾಗೆ. 1901ರಿಂದ ಲೆಕ್ಕ ಹಿಡಿದರೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ ಅಂತ ಹವಾಮಾನ ಇಲಾಖೆಯೇ ಹೇಳಿತು. ನೆಲ ಬಾಯಿ ಬಿಟ್ಟಿತು, ಬಿರುಕಿನಲ್ಲಿ ಅಂಗೈ ಇಳಿಯುತ್ತಿತ್ತು.

ಒಂದು ದಿನ ಮಧ್ಯಾಹ್ನ ಬುತ್ತಿ ತೊಗೊಂಡು ಹೋದಾಗ ಅತ್ತೆ ಬದುವಿನ ಮೇಲೆ ನಿಂತುಕೊಂಡು ಹೊಲವನ್ನೇ ನೋಡುತ್ತಿದ್ದರು. "ಇಲ್ಲಿ ಬಾ. ಇಲ್ಲಿಂದ ನೋಡು. ಆರು ಸಾಲು ಎದ್ದಾವ, ಆರು ಸಾಲು ಮಲಗ್ಯಾವ." ಹೌದು. ಹನ್ನೊಂದು ಗಂಟೆಗೇ ಖಾಲಿ ಸಾಲಿನ ಎಲೆ ಜೋತು ಬೀಳುತ್ತಿದ್ದವು. ಪುಡಿ ಸಾಲು ಒಂದು ಗಂಟೆಯ ತನಕ ತಡೆಯುತ್ತಿದ್ದವು. ಹತ್ತಿರ ಹೋದರೆ ಅಷ್ಟಾಗಿ ಗೊತ್ತಾಗಲ್ಲ, ದೂರದಿಂದ ಸೀರೆಯ ಪಟ್ಟೆ ಥರ ಕಾಣುತ್ತಿತ್ತು. ಅವತ್ತಿನಿಂದ ಅತ್ತೆಯ ಬಾಯಲ್ಲಿ ಅದು "ಬೂಸರ ಸಾಲು" ಆಯಿತು.

60ನೇ ದಿನಕ್ಕೆ ಟೇಪು ಹಿಡಿದು ಹತ್ತು ಹತ್ತು ಗಿಡ ಅಳೆದೆ. ಪುಡಿ ಸಾಲು ಸರಾಸರಿ ಎರಡು ಅಡಿ, ಖಾಲಿ ಸಾಲು ಒಂದೂವರೆ. ಒಂದೊಂದು ಗಿಡ ಅಗೆದೂ ನೋಡಿದೆ. ಖಾಲಿ ಸಾಲಿನ ಬೇರು ಕೊಡವಿದರೆ ಮಣ್ಣು ಉದುರಿ ಬೆತ್ತಲೆ ಕಡ್ಡಿ ಉಳಿಯಿತು. ಪುಡಿ ಸಾಲಿನ ಸಣ್ಣ ಬೇರಿಗೆ ಮಣ್ಣು ಪುಟ್ಟ ಪುಟ್ಟ ಗುಳಿಗೆಯಾಗಿ ಹಿಡಿದುಕೊಂಡಿತ್ತು, ಬಕೆಟ್ಟಿನಲ್ಲಿ ಅದ್ದಿದರೂ ಸುಲಭಕ್ಕೆ ಬಿಡಲಿಲ್ಲ. ಬೂಸರು ಮಾತ್ರ ಕಣ್ಣಿಗೆ ಕಾಣಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕಂಪನಿಯ ಹುಡುಗರು ಹೊಲಕ್ಕೆ ಬಂದು ಬೆಳ್ಳಗಿನ ಎಳೆ ಬೇರು ತೋರಿಸಿ "ಇದಾ ನೋಡ್ರಿ ವ್ಯಾಮ್" ಅಂತಾರೆ. ಅದು ಹೊಸ ಬೇರು ಅಷ್ಟೇ. ವ್ಯಾಮ್ ನೋಡಬೇಕಾದರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಆ ಹುಡುಗಿ ಅಷ್ಟರಲ್ಲಿ ಪಿಎಚ್‌ಡಿಗೆ ಸೇರಿದ್ದಳು. ಬೇರು ಮತ್ತೆ ಕಳಿಸಿದೆ. ಪುಡಿ ಸಾಲಿನ ಹತ್ತು ಚೂರಿನಲ್ಲಿ ಏಳರಲ್ಲಿ ನೀಲಿ, ಖಾಲಿ ಸಾಲಿನದರಲ್ಲಿ ಎರಡರಲ್ಲಿ.

ಹತ್ತಿ ಬೇರೆ ಬೇರೆ ಬಿಡಿಸಿ ಬೇರೆ ಬೇರೆ ಅಂಡಿಗೆ ಕಟ್ಟಿಸಿದೆ. ಆಳುಗಳು ಬೈದುಕೊಂಡರು. ಪುಡಿಯ 18 ಸಾಲಿಗೆ 3 ಕ್ವಿಂಟಲ್ 10 ಕೆಜಿ. ಖಾಲಿ 18 ಸಾಲಿಗೆ 2 ಕ್ವಿಂಟಲ್ 35 ಕೆಜಿ. ಬರದ ವರ್ಷದ ಬಡ ಬೆಳೆ ಎರಡೂ. ಆದರೆ ಮುಕ್ಕಾಲು ಎಕರೆಯಲ್ಲಿ 75 ಕೆಜಿ ಫರಕು. ನನಗೆ ಸಿಕ್ಕ ದರ ಕ್ವಿಂಟಲ್‌ಗೆ ₹6,800, ಅಂದರೆ ₹5,100. ಪುಡಿ ₹620, ಆಳು ₹300, ಜಾಸ್ತಿ ಹತ್ತಿ ಬಿಡಿಸಿದ್ದಕ್ಕೆ ₹750 ಕಳೆದರೂ ₹3,400ಕ್ಕೆ ಮೇಲೆ ಉಳಿಯಿತು.

ಇಲ್ಲಿಗೆ ನಿಲ್ಲಿಸಿ ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದರೆ ಕಂಪನಿಯವರು ನನ್ನ ಫೋಟೊ ಪೋಸ್ಟರಿಗೆ ಹಾಕುತ್ತಿದ್ದರೋ ಏನೋ.

2024ರಲ್ಲಿ ಮಳೆ ಚೆನ್ನಾಯಿತು. ಗುಡಿ ಹೊಲಕ್ಕೆ ಗೋವಿನಜೋಳ ಹಾಕಿ, ಹತ್ತಿಯನ್ನು ಹಳ್ಳದ ಹೊಲಕ್ಕೆ ತಂದೆ. ಹಿಂದಿನ ವರ್ಷ ನನಗೆ ಒಂದು ಕೊರತೆ ಕಾಡುತ್ತಿತ್ತು, ಪೂರ್ತಿ ಡಿಎಪಿ ಹಾಕಿದ ಸಾಲು ಅಲ್ಲಿ ಇರಲೇ ಇಲ್ಲ. ಈ ಸಲ ನಾಲ್ಕು ಪಟ್ಟಿ ಮಾಡಿದೆ, ನಾಲ್ಕೂ ಒಂದೇ ಅಳತೆ. ಪೂರ್ತಿ ಡಿಎಪಿ, ಪುಡಿ ಇಲ್ಲ: 4 ಕ್ವಿಂಟಲ್ 96 ಕೆಜಿ. ಪೂರ್ತಿ ಡಿಎಪಿ, ಪುಡಿ: 4 ಕ್ವಿಂಟಲ್ 91. ಅರ್ಧ ಡಿಎಪಿ, ಪುಡಿ ಇಲ್ಲ: 4 ಕ್ವಿಂಟಲ್ 94. ಅರ್ಧ ಡಿಎಪಿ, ಪುಡಿ: 5 ಕ್ವಿಂಟಲ್ 2 ಕೆಜಿ. ಅಡತಿಯ ಕಾಟಾ ಹೆಚ್ಚು ಕಡಿಮೆ ಆಗುವುದೇ ಇಷ್ಟಿರುತ್ತದೆ!

ಆ ಲೆಕ್ಕವನ್ನು ರಾತ್ರಿ ಎಷ್ಟೋ ಹೊತ್ತು ನೋಡುತ್ತಾ ಕೂತೆ. ಪುಡಿ ಅಲ್ಲಿ ಏನೂ ಮಾಡಿಲ್ಲ, ಸರಿ. ಆದರೆ ಡಿಎಪಿಯ ಎರಡನೇ ಅರ್ಧ ಚೀಲವೂ ಏನೂ ಮಾಡಿಲ್ಲವಲ್ಲ! ಇಪ್ಪತ್ತು ವರ್ಷದಿಂದ ಹಾಕುತ್ತಾ ಬಂದಿದ್ದೇವೆ. ಟ್ರಂಕಿನಲ್ಲಿದ್ದ ಮಣ್ಣು ಆರೋಗ್ಯ ಕಾರ್ಡು ಹುಡುಕಿದೆ. ಹಳ್ಳದ ಹೊಲ: ರಂಜಕ "ಹೆಚ್ಚು", ಸತು "ಕಡಿಮೆ". ಕಾರ್ಡು ನಮ್ಮ ಮನೆಯಲ್ಲೇ ಇತ್ತು. ಓದಿದವರು ಯಾರೂ ಇರಲಿಲ್ಲ. ರಂಜಕ ಅತಿಯಾದರೆ ಸತು ಗಿಡಕ್ಕೆ ಹತ್ತಲ್ಲ ಅನ್ನುವುದು ಆ ಹುಡುಗಿ ಹೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು.

ಅರ್ಧ ಚೀಲ ಡಿಎಪಿ ಬಿಟ್ಟರೆ ₹675 ಉಳಿಯುತ್ತದೆ. ಅದರಲ್ಲಿದ್ದ ನಾಲ್ಕೂವರೆ ಕೆಜಿ ಸಾರಜನಕ ತುಂಬಲು ಹತ್ತು ಕೆಜಿ ಯೂರಿಯಾ ಬೇಕು, ಅದಕ್ಕೆ ₹60 ಹತ್ತಿರ. ಎಕರೆಗೆ ₹600 ಮೇಲೆ ಉಳಿತಾಯ, ಪುಡಿ ಇಲ್ಲದೆಯೇ. ₹450ರ ಲಿಂಕ್ ಪಾಕೀಟಿನಿಂದ ನನಗಾದ ದೊಡ್ಡ ಲಾಭ ಇದೇ ಅಂತ ಹೇಳಿದರೆ ಕಂಪನಿಗೆ ಬೇಜಾರಾಗಬಹುದು.

ಯೂರಿಯಾ ಮಾತು ಬಂತು, ಹೇಳಿಬಿಡುತ್ತೇನೆ. ಈ ಬೂಸರು ಸಾರಜನಕ ಮಾಡಿಕೊಡಲ್ಲ. ನಮ್ಮ ಪಕ್ಕದ ಊರಿನ ಒಬ್ಬರು "ಜೈವಿಕ ಹಾಕೀನಿ, ಇನ್ನ ಸರಕಾರಿ ಗೊಬ್ಬರ ಯಾಕ" ಅಂತ ಯೂರಿಯಾವನ್ನೂ ಬಿಟ್ಟರು. 45 ದಿನಕ್ಕೆ ಹೊಲ ಅರಿಶಿನ ಬಳಿದ ಹಾಗಾಯಿತು. ನಾನು 30 ಮತ್ತು 60 ದಿನಕ್ಕೆ ಎರಡು ಕಂತಿನಲ್ಲಿ ಯೂರಿಯಾ, ಪೊಟ್ಯಾಷ್ ಕೊಟ್ಟೇ ಕೊಡುತ್ತೇನೆ. ಕಾಯಿ ಕಟ್ಟುವಾಗ ಎಲೆ ಕೆಂಪಾದರೆ ಮೆಗ್ನೀಸಿಯಂ ಸಲ್ಫೇಟ್, ಲೀಟರಿಗೆ 10 ಗ್ರಾಂ ಸಿಂಪಡಣೆ, ಅದನ್ನೂ ಬಿಟ್ಟಿಲ್ಲ. ಇನ್ನು ಪಿಎಸ್‌ಬಿ ಅಂತ ಬೇರೆ ಪಾಕೀಟು ಬರುತ್ತದೆ, ಅಂಗಡಿಯವರು ಎರಡೂ ಒಂದೇ ಅಂತಾರೆ. ಒಂದೇ ಅಲ್ಲ. ಪಿಎಸ್‌ಬಿ ಬ್ಯಾಕ್ಟೀರಿಯಾ, ಗಟ್ಟಿಯಾದ ರಂಜಕವನ್ನು ಕರಗಿಸುತ್ತದೆ. ವ್ಯಾಮ್ ಹೊತ್ತು ತರುತ್ತದೆ. ಒಬ್ಬ ಕಲ್ಲು ಒಡೆಯುವವನು, ಇನ್ನೊಬ್ಬ ಹಮಾಲ.

ಹಾಗಾದರೆ ಯಾರು ಕೊಳ್ಳಬೇಕು? ನನ್ನ ಹಳ್ಳದ ಹೊಲದಂಥ ಹೊಲಕ್ಕೆ ಐದರಲ್ಲಿ ಒಂದು ಸ್ಟಾರ್. ಅಲ್ಲಿ ಪ್ರತಿ ವರ್ಷ ಏನಾದರೂ ಬೆಳೆ ಇರುತ್ತದೆ, ಊರ ಬೂಸರು ಮಣ್ಣಲ್ಲೇ ಇದೆ, ರಂಜಕವೂ ಕೂತಿದೆ. ಗುಡಿ ಹೊಲದಂಥ ಹೊಲಕ್ಕೆ ಐದರಲ್ಲಿ ನಾಲ್ಕು. ಕುಂಟೆ ಹೊಡೆದು ಹೊಡೆದು ಖಾಲಿ ಇಟ್ಟ ಹೊಲ, ಜೆಸಿಬಿ ತಂದು ಮೇಲ್ಮಣ್ಣು ಎಳೆದು ಮಟ್ಟ ಮಾಡಿದ ಹೊಲ, ನೀರು ನಿಲ್ಲಿಸಿ ಭತ್ತ ಬೆಳೆದು ಆಮೇಲೆ ಹತ್ತಿಗೆ ಬಂದ ಹೊಲ. ಬೋರ್ ಇದ್ದವರು ಕೋಸು ಬೆಳೆಯುತ್ತಾರಲ್ಲ, ಕೋಸು, ಸಾಸಿವೆ ಜಾತಿಯ ಬೇರಿಗೆ ಈ ಬೂಸರು ಹತ್ತುವುದೇ ಇಲ್ಲ. ಅದರ ಹಿಂದೆ ಹತ್ತಿ ಹಾಕುವವರೂ ಒಮ್ಮೆ ನೋಡಬಹುದು. ಆದರೆ ಎಲ್ಲರೂ ಮೊದಲು ನಾಲ್ಕಾರು ಸಾಲು ಖಾಲಿ ಬಿಡಿ. ಖಾಲಿ ಸಾಲಿಲ್ಲದೆ "ಚಲೋ ಬಂತು" ಅನ್ನುವವರ ಮಾತು ನಾನು ಈಗ ನಂಬಲ್ಲ.

ಪಾಕೀಟಿನ ಮೇಲೆ ವ್ಯಾಮ್ ಜೊತೆಗೆ ಹ್ಯೂಮಿಕ್, ಸಮುದ್ರ ಪಾಚಿ, ಅಮಿನೊ ಅಂತ ಉದ್ದ ಪಟ್ಟಿ ಇದ್ದರೆ ನಾನು ಕೆಳಗಿಡುತ್ತೇನೆ. ಬೆಳೆ ಸ್ವಲ್ಪ ಹಸಿರಾದರೆ ಅದು ಯಾವುದರಿಂದ ಅಂತ ಹೇಳುವವರು ಯಾರು? ತಯಾರಾದ ತಾರೀಖು, ಜೀವಂತ ಕಣದ ಲೆಕ್ಕ, ಇಟ್ಟ ಜಾಗ, ಈ ಮೂರು ನೋಡುತ್ತೇನೆ. ಎರಡನೇ ಅಂಗಡಿಯವರು ಕೇಳಿದ್ದಕ್ಕೆ ಗೋದಾಮು ತೆರೆದು ತೋರಿಸಿದರು, ಕಳೆನಾಶಕದಿಂದ ದೂರ, ನೆರಳಿನಲ್ಲಿ ಇತ್ತು. ಮೊದಲನೆಯವನಿಗೆ ಹಾಗೆ ಕೇಳಿದ್ದರೆ ಡಿಎಪಿಯೂ ಸಿಗುತ್ತಿರಲಿಲ್ಲ.

2025ರಲ್ಲಿ ಗುಡಿ ಹೊಲಕ್ಕೆ ಮತ್ತೆ ಹತ್ತಿ. ಬೀಜದ ಪಾಕೀಟು ₹901 ಆಗಿತ್ತು. ಪುಡಿ ತರಲಿಲ್ಲ. ಬಿತ್ತುವ ದಿನ ಅತ್ತೆ ಗುಣಿ ಹತ್ತಿರ ಕೂತು ಕೈ ಚಾಚಿದರು. "ಬೂಸರು ಎಲ್ಲಿ?"

"ಹೋದ ವರ್ಷ ಗೋವಿನಜೋಳ ಹಾಕಿದ್ವೆಲ್ರೀ ಅತ್ತಿ. ಅದರ ಬೇರಾಗ ಬೆಳದಿರತೈತಿ, ಪುಕ್ಕಟೆ."

ಅತ್ತೆಗೆ ಅಷ್ಟೇನೂ ನಂಬಿಕೆ ಬರಲಿಲ್ಲ. ಒಂದು ಹಿಡಿ ಜೋಳದ ಕೂಳೆಯ ಬೇರು ಕಿತ್ತು, ಮೂಸಿ ನೋಡಿ, ಮೊದಲ ಗುಣಿಯಲ್ಲಿ ಹಾಕಿದರು.

ಡಿಎಪಿ ಅರ್ಧ ಚೀಲ ಕೊಡಲ್ಲ ಅಂಗಡಿಯಲ್ಲಿ. ಹಾಗಾಗಿ ಮೂಲಿಮನಿ ಅಕ್ಕ, ನಾನು ಸೇರಿ ಚೀಲ ಕೊಂಡು, ಕೊಕ್ಕೆ ಕಾಟಾದಲ್ಲಿ ತೂಗಿ ಹಂಚಿಕೊಂಡೆವು. ಈ ಸಲ ಲಿಂಕ್ ಅಂತ ಚೀಲದ ಮೇಲೆ ಬಿದ್ದಿದ್ದು ಒಂದು ಲೀಟರಿನ ಬಾಟಲಿ. ಒಳಗೆ ಏನಿದೆ ಅಂತ ಇನ್ನೂ ಓದಿಲ್ಲ. ಅದನ್ನೂ ಅರ್ಧ ಅರ್ಧ ಮಾಡಿಕೊಂಡಿದ್ದೇವೆ.